ಕ್ಷೌರದವನ ಕೋಲಿನ ಕೊಕ್ಕೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲ ಅಂತಿಟ್ಟುಕೋ, ಬಡಗಲ ಕಡೆ ಹಿಮಾಲಯವನ್ನೂ ದಾಟಿ, ಅದರಾಚೆಗೆ ಇನ್ನೂ ಆರು ತಿಂಗಳ ದಾರಿ ನಡೆದರೆ ಸಿಗೋ ಒಂದು ಕಾಡು ಇತ್ತಂತೆ. ಅಲ್ಲಿ ಉಸಿರು ಬಿಟ್ಟರೆ ಮೀಸೆಯ ಮೇಲೆ ಮಂಜುಗಡ್ಡೆ ಕಟ್ಟುತ್ತೆ. ಸುಳ್ಳಲ್ಲ ಕಣೇ, ನಾನು ಆ ಕಡೆ ಹೋಗಿದ್ದೀನಿ. ರೈಲಿನಲ್ಲಿ ಪೈನ್ ಮರದ ಬೀಜ ಮಾರೋ ಒಬ್ಬಳು ಮುದುಕಿ ನನ್ನ ಪಕ್ಕ ಕೂತು ಈ ಕತೆ ಹೇಳಿದ್ದು. ಅವಳ ಭಾಷೆ ನನಗೆ ಅರ್ಧ ಬರುತ್ತಿತ್ತು, ನನ್ನ ಭಾಷೆ ಅವಳಿಗೆ ಬರುತ್ತಲೇ ಇರಲಿಲ್ಲ, ಹಾಗಾಗಿ ಅರ್ಧ ಕತೆಗೆ ಅವಳು ಜವಾಬ್ದಾರಿ, ಉಳಿದರ್ಧಕ್ಕೆ ನಾನು. ಕಾಲು ಒಳಗೆಳೆದುಕೋ, ಕಂಬಳಿ ಹೊದ್ದುಕೋ. ಇದು ಹೆದರಿಕೆಯ ಕತೆ, ಆದರೆ ಕೊನೆಯವರೆಗೂ ಕೇಳಿದರೆ ಏನೂ ಆಗಲ್ಲ.

ಆ ಕಾಡಿನ ಜನಕ್ಕೆ ಆಮೇಲಾಮೇಲೆ ಮಂಚು ಜನ ಅಂತ ಹೆಸರು ಬಂತಂತೆ. ಬೇಟೆ ಆಡೋರು. ಅವರ ಪಡುವಲಿಗೆ ಹುಲ್ಲುಗಾವಲು, ಅಲ್ಲಿ ಕುದುರೆ ಮೇಯಿಸೋ ಮಂಗೋಲರು. ತೆಂಕಲಿಗೆ ಹೊಲ, ಅಲ್ಲಿ ನವಣೆ ಬಿತ್ತೋ ಚೀನದ ರೈತರು. ಮೂರು ಜನ, ಮೂರು ಮಾತು, ಮೂರು ಅಡುಗೆ. ಒಬ್ಬರನ್ನ ಕಂಡರೆ ಒಬ್ಬರಿಗೆ ಆಗದು. ಆಮೇಲೆ ಕಾಡಿನ ಜನದಲ್ಲಿ ಒಬ್ಬ ಖಾನ ಹುಟ್ಟಿದನಂತೆ. ಅವನ ನಿಜವಾದ ಹೆಸರು ಯಾರೂ ಬಾಯಿಂದ ಆಡೋ ಹಾಗಿರಲಿಲ್ಲ, ಆಡಿದರೆ ನಾಲಿಗೆ ಹೋಗುತ್ತಿತ್ತು, ಅದಕ್ಕೆ ಎಲ್ಲರೂ ಹುಲಿಖಾನ ಅಂತಿದ್ದರು. ಅವನು ಕೂಗಾಡೋನಲ್ಲ ಮಗಾ. ಕೂಗಾಡೋ ದೊರೆಗಳನ್ನ ನಂಬಬಹುದು. ಇವನು ಮೆಲ್ಲಗೆ ಮಾತಾಡೋನು, ಸಿಟ್ಟು ಬಂದಾಗ ನಗೋನು. ಅವನು ನಕ್ಕ ಅಂದರೆ ಸಾಕು, ಸೇನಾಪತಿಗಳ ಕೈಯಲ್ಲಿದ್ದ ಬಟ್ಟಲು ಗಡಗಡ ಅಂತಿತ್ತಂತೆ.

ಈ ಖಾನನಿಗೆ ಒಂದು ಆಸೆ. ಕಾಡು, ಹುಲ್ಲು, ಹೊಲ ಮೂರನ್ನೂ ಸೇರಿಸಿ ಒಂದೇ ರಾಜ್ಯ ಕಟ್ಟಬೇಕು. ಕಟ್ಟಿದ. ಕಟ್ಟೋದೇನು, ಎಷ್ಟೋ ಜನ ಕಟ್ಟುತ್ತಾರೆ, ನಿಲ್ಲಿಸೋದು ಹೇಗೆ? ಅದಕ್ಕೆ ಅವನೊಂದು ಉಪಾಯ ಹೂಡಿದನಂತೆ. ತಲೆ ಎಲ್ಲ ಒಂದೇ ಥರ ಇದ್ದರೆ ಜನ ಒಂದೇ ಆಗುತ್ತಾರೆ ಅಂತ. ಆಮೇಲೆ ಊರೂರಲ್ಲೂ ಡಂಗೂರ ಸಾರಿಸಿದ. ಗಂಡಸರೆಲ್ಲ ಕಾಡಿನ ಜನದ ಹಾಗೆ ಮುಂದಲೆ ನುಣ್ಣಗೆ ಬೋಳಿಸಬೇಕು, ಹಿಂದೆ ಒಂದು ಜಡೆ ಬಿಡಬೇಕು. ಕೂದಲು ಕೊಡದವನು ತಲೆ ಕೊಡಬೇಕು.

ಡಂಗೂರದ ಹಿಂದೆಯೇ ಕ್ಷೌರದವನು ಬರುತ್ತಿದ್ದ. ಹೆಗಲ ಮೇಲೆ ಉದ್ದನೆ ಕೋಲು. ಕೋಲಿನ ಒಂದು ತುದಿಗೆ ತಣ್ಣೀರಿನ ತಟ್ಟೆ, ಇನ್ನೊಂದು ತುದಿಗೆ ಒಂದು ಕಬ್ಬಿಣದ ಕೊಕ್ಕೆ. ತಟ್ಟೆ ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಕೊಕ್ಕೆ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಒಂದು ಊರಿನಲ್ಲಿ ಒಬ್ಬ ಕೇಳಿದನಂತೆ, ಅವನಿಗೆ ಉತ್ತರ ಸಿಕ್ಕಿತು, ಆದರೆ ಆ ಉತ್ತರ ತಿರುಗಿ ಹೇಳೋಕೆ ಅವನಿರಲಿಲ್ಲ. ಗಾಳಿ ಬೀಸಿದಾಗ ಆ ಕೊಕ್ಕೆ ಟಿಂಗ್ ಟಿಂಗ್ ಅಂತ ಸದ್ದು ಮಾಡೋದು. ಅದು ಕೇಳಿಸಿದರೆ ಸಾಕು, ಅಳೋ ಮಕ್ಕಳು ಬಾಯಿ ಮುಚ್ಚೋವು. ಏಯ್, ನಿನಗೆ ಹೇಳಿದ್ದಲ್ಲ, ನೀನು ಉಸಿರಾಡು.

ಖಾನನ ಕೋಟೆಯ ಹೊರಗೆ ಒಂದು ಹಟ್ಟಿಯಲ್ಲಿ ಇಲ್ಹಾ ಅಂತ ಒಬ್ಬಳು ವಿಧವೆ ಇದ್ದಳಂತೆ. ನಾವು ಇಲ್ಹವ್ವ ಅನ್ನೋಣ, ಬಾಯಿಗೆ ಹಗುರ. ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡವನು ಅಲಿನ್, ಅವಳೇ ಹೆತ್ತವನು, ಕಾಡಿನವನು. ನಡುವಿನವನು ಚೋನ, ಮಂಗೋಲರವನು, ಹಿಮದಲ್ಲಿ ಸತ್ತ ಕುದುರೆಯ ಪಕ್ಕದಲ್ಲಿ ಸಿಕ್ಕಿದ ಕೂಸು. ಚಿಕ್ಕವನು ಗೂಜಿ, ಚೀನದ ರೈತರವನು, ಖಾನನ ಸೈನ್ಯ ಸುಟ್ಟ ಊರಿನ ನವಣೆ ಕಣಜದಲ್ಲಿ ಸಿಕ್ಕಿದವನು. ಒಬ್ಬನ ಜೊತೆ ಇನ್ನಿಬ್ಬರಿಗೂ ಹಾಲು ಕೊಟ್ಟಳು. ಆ ನಾಡಲ್ಲಿ ತೊಟ್ಟಿಲನ್ನ ತೊಲೆಯಿಂದ ನೇತುಹಾಕುತ್ತಾರೆ, ನಮ್ಮಲ್ಲಿ ಸೀರೆ ಜೋಲಿ ಕಟ್ಟುತ್ತೀವಲ್ಲ ಹಾಗೆ. ಒಂದೇ ತೊಟ್ಟಿಲಲ್ಲಿ ಮೂವರನ್ನೂ ಸಾಲಾಗಿ ಮಲಗಿಸುತ್ತಿದ್ದಳಂತೆ. ನೆರೆಯವರು, ಏನೇ ಇಲ್ಹಾ, ಕೋಗಿಲೆ ಮೊಟ್ಟೆಗೆ ಕಾವು ಕೂತಿದ್ದೀಯಲ್ಲ ಅಂತ ಅಣಕಿಸಿದರೆ, ಇಲ್ಹವ್ವ, ಹೌದಮ್ಮ, ನಾಳೆ ನನ್ನ ಮನೆಯಲ್ಲಿ ಹಾಡೋರಾದರೂ ಇರುತ್ತಾರೆ, ನಿನ್ನ ಮನೆಯಲ್ಲಿ ಬರೀ ಗೊರಕೆ ಹೊಡೆಯೋನೊಬ್ಬ ಅಂತಿದ್ದಳಂತೆ.

ಈಗ ಒಂದು ವಿಷಯ ನೆನಪಿಟ್ಟುಕೋ, ಕತೆ ನಿಂತಿರೋದೇ ಇದರ ಮೇಲೆ. ಆ ಕಾಡಿನ ಜನಕ್ಕೆ ಕಾಗೆ ಅಂದರೆ ಹಿರಿಯರು. ನಮ್ಮಲ್ಲೂ ತಿಥಿ ದಿನ ಕಾಗೆಗೆ ಎಡೆ ಇಟ್ಟು ಕಾಯುತ್ತೀವಲ್ಲ, ಥೇಟ್ ಹಾಗೇ. ಅವರ ಮೂಲಪುರುಷನನ್ನ ವೈರಿಗಳು ಅಟ್ಟಿಸಿಕೊಂಡು ಬಂದಾಗ ಕಾಗೆಗಳು ಬಂದು ಅವನ ಮೈ ಮೇಲೆ ಕೂತು ಮುಚ್ಚಿಬಿಟ್ಟವಂತೆ, ವೈರಿಗಳು ಇದ್ಯಾವುದೋ ಒಣಗಿದ ಮರದ ಮೋಟು ಅಂತ ಮುಂದೆ ಹೋದರಂತೆ. ಅದಕ್ಕೇ ಪ್ರತಿ ಮನೆಯ ಅಂಗಳದಲ್ಲೂ ಒಂದು ಎತ್ತರದ ಕಂಬ, ಕಂಬದ ತುದಿಗೊಂದು ಬಟ್ಟಲು. ಮನೆಯ ಯಜಮಾನ ದಿನಾ ಬೆಳಗ್ಗೆ ಕಂಬ ಇಳಿಸಿ ಬಟ್ಟಲಿಗೆ ಕಾಳು ತುಂಬಬೇಕು, ತನ್ನ ಕೈಯಿಂದಲೇ ತುಂಬಬೇಕು, ಆಳಿನ ಕೈ ಸೋಕಬಾರದು. ಇಲ್ಹವ್ವನ ಮನೆಯಲ್ಲಿ ಯಜಮಾನನೂ ಅವಳೇ ಯಜಮಾನಿಯೂ ಅವಳೇ, ಅವಳೇ ತುಂಬುತ್ತಿದ್ದಳು. ಕಾಗೆಯನ್ನ ಕೊಂದವನ ತಲೆ ಕಂಬಕ್ಕೆ ಅಂತ ಖಾನನ ತಾತ ಕಟ್ಟಳೆ ಮಾಡಿದ್ದ. ಹಿರಿಯರನ್ನ ಹಸಿವಿನಲ್ಲಿಟ್ಟವನ ತಲೆಯೂ ಕಂಬಕ್ಕೇ ಅಂತ ಅದೇ ತಾತ ಅದೇ ಉಸಿರಲ್ಲಿ ಹೇಳಿದ್ದನಂತೆ. ಮೊದಲಿನದು ಎಲ್ಲರಿಗೂ ನೆನಪಿತ್ತು, ಎರಡನೆಯದು ಯಾರಿಗೂ ಬೇಕಿರಲಿಲ್ಲ.

ಆಮೇಲೆ ಮೂವರೂ ಬೆಳೆದು ದೊಡ್ಡವರಾದ ಮೇಲೆ ಒಂದು ವಸಂತದಲ್ಲಿ ಹಿಮ ಕರಗಿತು, ಗೂಜಿ ಕೋಟೆಯ ಪಕ್ಕದ ತುಂಡು ಹೊಲಕ್ಕೆ ನವಣೆ ಬಿತ್ತಿದನಂತೆ. ಮನೆಯಲ್ಲಿ ಉಳಿದಿದ್ದ ಕೊನೇ ಬಿತ್ತನೆ ಅದು. ಬಿತ್ತಿ ತಿರುಗಿ ನೋಡಿದರೆ ಆಕಾಶ ಕಪ್ಪಾಗಿದೆ. ನೂರಾರು ಕಾಗೆಗಳು, ಹೊಟ್ಟೆ ಬೆನ್ನಿಗಂಟಿದ ಕಾಗೆಗಳು, ದಬದಬ ಅಂತ ಹೊಲಕ್ಕೆ ಇಳಿದು ಕೆದಕಿ ತಿನ್ನೋಕೆ ಶುರು ಮಾಡಿದವು. ಗೂಜಿ ಕೂಗಿದ, ಹೋಗಲಿಲ್ಲ. ಮಣ್ಣುಹೆಂಟೆ ಎಸೆದ, ಹೋಗಲಿಲ್ಲ. ಹೆದರಿಸೋಣ ಅಂತ ಬಿಲ್ಲೆತ್ತಿ ಗಾಳಿಗೆ ಒಂದು ಬಾಣ ಬಿಟ್ಟ. ಹೆದರಿಸೋಕೆ ಅಂತ ಬಿಟ್ಟ ಬಾಣ ಯಾವತ್ತೂ ಗಾಳಿಗೆ ಹೋಗಲ್ಲ ಮಗಾ, ಯಾರಿಗೋ ತಗಲುತ್ತೆ. ಒಂದು ಕಾಗೆ ತೊಪ್ಪನೆ ಬಿತ್ತು.

ಕೋಟೆಯ ಮೇಲಿಂದ ಒಬ್ಬ ಕಾವಲುಗಾರ ಅದನ್ನ ಕಂಡ. ಅವನು ಇಳಿದು ಬರೋಷ್ಟರಲ್ಲಿ ಗೂಜಿ ಮನೆ ಕಡೆ ಓಡಿದ್ದ, ಕಾವಲುಗಾರನಿಗೆ ಕಂಡದ್ದು ಬರೀ ಬೆನ್ನು. ಬಾಣದ ಮೇಲೆ ಇಲ್ಹವ್ವನ ಮನೆಯ ಗುರುತು ಕೆತ್ತಿತ್ತು. ಸೈನಿಕರು ಬಂದು ಮೂವರು ಅಣ್ಣತಮ್ಮಂದಿರನ್ನೂ ಅಂಗಳಕ್ಕೆ ಎಳೆದರು. ಕಾಗೆ ಹೊಡೆದವನು ಯಾವನೋ ಅಂದರು. ಗೂಜಿ ನಾನು ಅಂದ. ಅವನು ಬಾಯಿ ಮುಚ್ಚೋ ಮೊದಲೇ ಚೋನ, ಅವನಿಗೆ ಬಿಲ್ಲು ಹಿಡಿಯೋಕೆ ಬರಲ್ಲ, ನಾನು ಅಂದ. ಅಲಿನ್, ಈ ಇಬ್ಬರೂ ಹುಟ್ಟಿನಿಂದ ಸುಳ್ಳುಬುರುಕರು, ನಾನು ಅಂದ. ಹಿಂದೆ ಟಿಂಗ್ ಟಿಂಗ್ ಅಂತ ಸದ್ದಾಯಿತು. ಕ್ಷೌರದವನು ಕೋಲು ಹೊತ್ತುಕೊಂಡು ಬಂದಿದ್ದ.

ಮೂವರನ್ನೂ ಖಾನನ ಅಂಗಳಕ್ಕೆ ಕರೆದೊಯ್ದರಂತೆ. ದೊಡ್ಡ ಅಂಗಳ. ಕಲ್ಲುಹಾಸು ಕನ್ನಡಿ ಹಾಗೆ ಶುಭ್ರ, ಒಂದು ಹುಲ್ಲುಕಡ್ಡಿ ಇಲ್ಲ. ನಡುವೆ ಖಾನನ ಮನೆತನದ ಕಂಬ, ತಲೆಯೆತ್ತಿದರೆ ಕತ್ತು ನೋಯೋಷ್ಟು ಎತ್ತರ. ಕಂಬದ ಬುಡದಲ್ಲಿ ಕ್ಷೌರದವನ ಕೋಲು ನೆಟ್ಟರು, ಕೊಕ್ಕೆ ಮೇಲೆ ಮಾಡಿ.

ಖಾನ ಕಾವಲುಗಾರನನ್ನ ಕೇಳಿದ, ಇವರಲ್ಲಿ ಯಾರು? ಕಾವಲುಗಾರ ಮೂವರ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡಿ ಬೆವೆತುಹೋದ. ಮೂರು ಬೋಳು ಮುಂದಲೆ, ಮೂರು ಜಡೆ, ಮೂರು ನೀಲಿ ನಿಲುವಂಗಿ. ಮಹಾಪ್ರಭು, ಬೆನ್ನು ಕಂಡಿದ್ದೆ, ಬೆನ್ನು ಮೂರೂ ಒಂದೇ ಥರ ಇದೆ ಅಂದ. ಖಾನ ನಕ್ಕ. ಅಂಗಳದಲ್ಲಿದ್ದವರೆಲ್ಲ ಕಾಲುಬೆರಳು ಮಡಚಿಕೊಂಡರಂತೆ. ಕಾಡಿನವನು ಕಾಗೆ ಹೊಡೆಯಲ್ಲ, ಕುದುರೆಯವನಿಗೆ ಕಾಗೆ ಬೇಕಿಲ್ಲ, ಹೊಲದವನಿಗೆ ಮಾತ್ರ ಕಾಗೆ ಕಳ್ಳ. ಇವರಲ್ಲಿ ಹೊಲದವನು ಯಾರು ಅಂತ ಹುಡುಕಿದರೆ ಆಯಿತು ಅಂದ ಖಾನ. ಮೂರು ಪರೀಕ್ಷೆ ಮಾಡುತ್ತೀನಿ, ಮೂರರಲ್ಲೂ ಸಿಗದಿದ್ದರೆ ಮೂವರೂ ಕೊಕ್ಕೆಗೆ.

ಮೊದಲನೇ ಪರೀಕ್ಷೆಗೆ ಮೂರು ದಿನ ಉಪವಾಸ ಕೆಡವಿ, ನಾಲ್ಕನೇ ದಿನ ಮೂರು ತಟ್ಟೆ ಇಡಿಸಿದ. ಒಂದರಲ್ಲಿ ಜಿಂಕೆಯ ಹಸಿ ಕಾಳಿಜ, ಕಾಡಿನವರದು. ಒಂದರಲ್ಲಿ ಕುದುರೆಯ ಹುಳಿ ಹಾಲು, ಹುಲ್ಲುಗಾವಲಿನವರದು. ಒಂದರಲ್ಲಿ ನವಣೆ ಗಂಜಿ, ಹೊಲದವರದು. ಹಸಿದವನ ಕೈ ಹುಟ್ಟಿದ ಮನೆಯ ಕಡೆಗೇ ಹೋಗುತ್ತೆ ಅಂತ ಖಾನನ ಲೆಕ್ಕ. ಬಿಟ್ಟ ಕೂಡಲೇ ಮೂವರೂ ಏನು ಮಾಡಿದರು ಅಂತೀಯ? ಕಾಳಿಜ ಹರಿದು ಗಂಜಿಗೆ ಹಾಕಿ, ಮೇಲೆ ಹುಳಿ ಹಾಲು ಸುರಿದು, ಕಲಸಿ, ಮೂವರೂ ಅದೇ ತಟ್ಟೆಗೆ ಬಾಯಿಟ್ಟರಂತೆ. ಇಲ್ಹವ್ವನ ಮನೆಯಲ್ಲಿ ಇದ್ದದ್ದು ಒಂದೇ ಮಡಕೆ, ಹುಟ್ಟಿದಾಗಿನಿಂದ ಅವರು ಉಂಡದ್ದು ಹಾಗೇ. ಸೇನಾಪತಿಯೊಬ್ಬ ವಾಕರಿಸಿದ. ಖಾನ ಇನ್ನೊಂದು ಸಲ ನಕ್ಕ.

ಎರಡನೇ ಪರೀಕ್ಷೆಗೆ ಮೂವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಹಿಂದೆ ಮರದ ಬೋನು ತಂದಿಟ್ಟರು, ಏನಿದೆ ಅಂತ ಇವರಿಗೆ ಹೇಳಲಿಲ್ಲ. ಪ್ರಾಣ ಹೋಗೋ ಹೊತ್ತಿಗೆ ಬಾಯಿಂದ ಬರೋದು ಹೆತ್ತ ತಾಯಿಯ ಭಾಷೆ ಅಂತ ಖಾನನಿಗೆ ಗೊತ್ತಿತ್ತು. ಬೋನಿನ ಬಾಗಿಲು ಕಿರ್ ಅಂತ ಎತ್ತಿದರು. ಮೊದಲು ವಾಸನೆ ಬಂತು. ಆಮೇಲೆ ಬಿಸಿ ಉಸಿರು, ಮೂವರ ಕತ್ತಿನ ಹಿಂದೆ, ಒಬ್ಬೊಬ್ಬರನ್ನೇ ಮೂಸುತ್ತಾ ಬಂತು. ಆಮೇಲೆ ಹುಲಿ ಗರ್ಜಿಸಿತು. ಮೂವರೂ ಒಟ್ಟಿಗೆ ಕಿರುಚಿದರು. ಎನಿಯೇ! ಮೂವರೂ ಒಂದೇ ಮಾತು. ಎನಿಯೇ ಅಂದರೆ ಆ ಕಾಡಿನ ಮಾತಿನಲ್ಲಿ ಅವ್ವ ಅಂತ. ಹುಲಿಗೆ ಸರಪಳಿ ಇತ್ತು ಕಣೇ, ಕಣ್ಣು ಬಿಡು. ಸರಪಳಿ ಎಳೆದು ಹುಲಿಯನ್ನ ಒಳಗೆ ಹಾಕಿದರು. ಈ ಸಲ ಖಾನ ನಗಲಿಲ್ಲವಂತೆ.

ಮೂರನೇ ಪರೀಕ್ಷೆಗೆ ತಾಯಿಯನ್ನೇ ಕರೆಸಿದ.

ಇಲ್ಹವ್ವ ಬಂದಳು. ಸೊಂಟದಲ್ಲಿ ಒಂದು ಚೀಲ, ಕಾಲಲ್ಲಿ ಗೂಜಿಯ ಹೊಲದ ಮಣ್ಣು. ಶುಭ್ರವಾದ ಕಲ್ಲುಹಾಸಿನ ಮೇಲೆ ಅವಳ ಹೆಜ್ಜೆ ಒಂದೊಂದೂ ಮೂಡಿತು. ಖಾನ ಮೆಲ್ಲಗೆ, ತಾಯಿ ತನ್ನ ಹಾಲಿನ ಹುಳಿ ತಾನೇ ಬಲ್ಲಳು ಅಂದ. ಇವರಲ್ಲಿ ಹೊಲದವನ ತಲೆ ಮುಟ್ಟು. ಅವನೊಬ್ಬ ಇಲ್ಲಿ ಉಳಿಯುತ್ತಾನೆ, ಉಳಿದಿಬ್ಬರನ್ನ ಕರೆದುಕೊಂಡು ಹೋಗು. ಬಿಸಿಲು ಇಳಿದು ಕಂಬದ ಬುಡ ಮುಟ್ಟೋವರೆಗೆ ನಿನಗೆ ಹೊತ್ತು. ಮುಟ್ಟದೆ ಹೋದೆಯೋ, ಮೂವರೂ.

ಆಮೇಲೆ ಇಲ್ಹವ್ವ ಮೂವರ ಮುಂದೆ ನಿಂತಳಂತೆ. ಅಲಿನ್ ಕಣ್ಣಲ್ಲೇ, ನನ್ನನ್ನ ಮುಟ್ಟವ್ವ ಅಂದ. ಚೋನನೂ ಅದನ್ನೇ ಅಂದ. ಗೂಜಿ ಬಾಯಿ ಬಿಟ್ಟೇ, ಮುಟ್ಟೇ ಅವ್ವ, ನನ್ನಿಂದ ಆದದ್ದು, ಇಬ್ಬರಾದರೂ ಉಳೀಲಿ ಅಂತ ಅತ್ತ. ಅವಳು, ಬಾಯಿ ಮುಚ್ಚೋ, ಮೂಗು ಒರೆಸಿಕೋ, ಮದುವೆಗೆ ಬಂದ ವಯಸ್ಸಿಗೆ ದೊರೆ ಮುಂದೆ ಸಿಂಬಳ ಸುರಿಸುತ್ತಾನೆ ಅಂತ ಗದರಿದಳು. ಅವಳ ಕೈ ಮೇಲೆ ಹೋಯಿತು, ಕೆಳಗೆ ಬಂತು. ಮೂರು ತಲೆಯ ಮೇಲೂ ಚಳಿಗೆ ಮುಳ್ಳು ಎದ್ದಿತ್ತು. ಬಿಸಿಲು ಕಂಬದ ಅರ್ಧ ಇಳಿದಿತ್ತು.

ಅವಳು ಬಿಸಿಲು ಎಲ್ಲಿಗೆ ಬಂತು ಅಂತ ಕಂಬದ ಕಡೆ ನೋಡಿದಳು. ಮೇಲೆ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಮತ್ತೆ ಮೇಲೆ, ಮತ್ತೆ ಕೆಳಗೆ. ಹೆಂಗಸಿನ ಕಣ್ಣು ಮಗಾ, ಅಂಗಳ ಗುಡಿಸಿ ಸವೆದ ಕಣ್ಣು. ಅವಳ ಮನೆಯ ಕಂಬದ ಬುಡ ದಿನಾ ತೊಳೆದರೂ ಬೆಳ್ಳಗೇ ಇರುತ್ತಿತ್ತು, ಕಾಗೆ ಹಿಕ್ಕೆಯಿಂದ. ಇಲ್ಲಿ ಒಂದು ಚುಕ್ಕೆ ಹಿಕ್ಕೆ ಇಲ್ಲ. ಯಾಕಿಲ್ಲ ಅಂತ ಅವಳಿಗೆ ಹೊಳೆಯಿತು. ಅದನ್ನ ಹೇಳಿದರೆ ಕೊಕ್ಕೆಗೆ ನಾಲ್ಕನೇ ತಲೆ ಅವಳದೇ.

ಹೇಳಿದಳು. ಮೊದಲು, ಮಹಾಪ್ರಭು, ಎಲ್ಲ ತಲೆಯನ್ನೂ ಒಂದೇ ಮಾಡಿಸಿದವನು ನೀನು, ನಿನ್ನ ಕಾವಲುಗಾರನಿಗೇ ಗುರುತು ಹತ್ತಲಿಲ್ಲ, ನನ್ನದು ಮುದಿಗಣ್ಣು ಅಂದಳು. ಯಾರೋ ಸೇನಾಪತಿಗೆ ನಗು ಬಂದು ಕೆಮ್ಮಾಯಿತು. ಆಮೇಲೆ ಅವಳು, ಹೊಡೆದವನು ಯಾರು ಅಂತ ಮೂರು ಪರೀಕ್ಷೆ ಮಾಡಿದೆ, ನಿನ್ನ ಹಿರಿಯರು ನನ್ನ ಮಗನ ಹೊಲಕ್ಕೆ ಭಿಕ್ಷೆಗೆ ಯಾಕೆ ಬಂದರು ಅಂತ ಒಂದು ಮಾತು ಕೇಳಲಿಲ್ಲ ಅಂದಳು. ಆ ಬಟ್ಟಲು ಇಳಿಸಿ ನೋಡು.

ಖಾನ ಕಂಬದ ತುದಿ ನೋಡಿದ. ಆಮೇಲೆ ಬೆರಳೆತ್ತಿದ. ಹಗ್ಗ ಬಿಚ್ಚಿ ಕಂಬ ಇಳಿಸಿದರು. ಬಟ್ಟಲಲ್ಲಿ ಹೋದ ವರ್ಷದ ಒಂದು ತರಗೆಲೆ, ಒಂದು ಬೊಗಸೆ ಕರಗಿದ ಹಿಮದ ನೀರು. ಕಾಳು ಒಂದೂ ಇಲ್ಲ.

ಇದೇನು ಅಂದ ಖಾನ. ಮುದಿ ಊಳಿಗದವನೊಬ್ಬ ನೆಲಕ್ಕೆ ಹಣೆ ಹಚ್ಚಿ, ಅದು ತಮ್ಮ ಕೈಯಿಂದಲೇ ತುಂಬಬೇಕಾದ್ದು ಮಹಾಪ್ರಭು, ತಾವು ಹೋದ ಶರತ್ಕಾಲದಿಂದ ದಂಡಯಾತ್ರೆಯಲ್ಲಿದ್ದಿರಿ, ಬಂದ ಮೇಲೆ ಮರೆತಿರಿ ಅಂದ. ನಾವು ದಿನಾ ಖಾಲಿ ಬಟ್ಟಲಿಗೇ ಕೈಮುಗಿಯುತ್ತಿದ್ದೆವು ಅಂದ. ನನಗೆ ಯಾಕೆ ಯಾರೂ ನೆನಪು ಮಾಡಲಿಲ್ಲ ಅಂತ ಖಾನ ಕೇಳಿದ. ಒಬ್ಬೊಬ್ಬರ ಮುಖ ನೋಡಿ ಕೇಳಿದ. ಎಲ್ಲರ ಕಣ್ಣೂ ಕ್ಷೌರದವನ ಕೋಲಿನ ಕಡೆ ಹೋಯಿತು. ಗಾಳಿ ಬಂತು. ಕೊಕ್ಕೆ ಟಿಂಗ್ ಟಿಂಗ್ ಅಂತು.

ಖಾನ ತಲೆಯೆತ್ತಿ ಕೊಕ್ಕೆ ನೋಡಿದನಂತೆ. ಅದನ್ನ ಮಾಡಿಸಿದವನು ಅವನೇ, ಆದರೆ ಅದರ ಸದ್ದು ಅವನು ಕೇಳಿಸಿಕೊಂಡದ್ದು ಅದೇ ಮೊದಲು.

ಆಮೇಲೆ ಸೊಂಟದ ಚಾಕು ಎಳೆದ. ಇಲ್ಹವ್ವ ಮೂವರಿಗೂ ಅಡ್ಡ ನಿಂತು ಕಣ್ಣು ಮುಚ್ಚಿದಳು. ಕರ್ ಅಂತ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ ಖಾನನ ಕೈಯಲ್ಲಿ ಅವನದೇ ಜಡೆ, ಬುಡಕ್ಕೇ ಕೊಯ್ದಿತ್ತು. ಆ ಜನ ಮನೆಯ ಹಿರಿಯರು ಸತ್ತಾಗ ಜಡೆ ಕೊಯ್ಯುತ್ತಾರೆ, ಸೂತಕದ ನೂರು ದಿನ ತಲೆಗೆ ಕತ್ತಿ ತಾಗಿಸಲ್ಲ. ಸತ್ತದ್ದು ನನ್ನ ಹಿರಿಯ, ಕೊಂದದ್ದು ನಾನು, ಹಸಿವಿನಲ್ಲಿಟ್ಟು ಕೊಂದೆ, ಬಾಣ ನೆಪ ಅಂದ ಖಾನ. ತಾತನ ಕಟ್ಟಳೆ ನನ್ನ ತಲೆ ಕೇಳುತ್ತೆ, ಸದ್ಯಕ್ಕೆ ಇದು ಇಟ್ಟುಕೊಳ್ಳಲಿ ಅಂತ ಜಡೆಯನ್ನ ಕೊಕ್ಕೆಗೆ ನೇತುಹಾಕಿದ. ದೊರೆಗಳ ಕಟ್ಟಳೆ ದೊರೆಗಳಿಗೆ ಅಷ್ಟು ಸಲೀಸು, ಅದಿರಲಿ. ಇಡೀ ರಾಜ್ಯಕ್ಕೆ ನೂರು ದಿನ ಸೂತಕ, ಯಾವ ತಲೆಗೂ ಕತ್ತಿ ತಾಗಬಾರದು ಅಂತ ಸಾರಿಸಿದ.

ಬಟ್ಟಲು ತುಂಬಬೇಕಲ್ಲ, ಉಗ್ರಾಣದಿಂದ ಅಕ್ಕಿ ತರೋಕೆ ಆಳು ಓಡಿದ. ಇಲ್ಹವ್ವ, ಕೊಳ್ಳೆ ಹೊಡೆದ ಅಕ್ಕಿ ಹಿರಿಯರ ಗಂಟಲಿಗೆ ಇಳಿಯಲ್ಲ ಅಂತ ತನ್ನ ಸೊಂಟದ ಚೀಲ ಬಿಚ್ಚಿದಳು. ಕಾಗೆ ಬಿಟ್ಟುಹೋಗಿದ್ದ ನವಣೆಯನ್ನ ಮಣ್ಣಿನಿಂದ ಆರಿಸಿ ತಂದಿದ್ದಳು, ಒಂದು ಹಿಡಿ. ಹುಲಿಖಾನ ಬೊಗಸೆ ಒಡ್ಡಿದನಂತೆ. ಎಂಟು ದಿಕ್ಕಿನ ಸೈನ್ಯ ಆಳೋನು ಒಬ್ಬಳು ವಿಧವೆಯ ಮುಂದೆ ಬೊಗಸೆ ಒಡ್ಡಿದ. ಕಂಬ ಏರಿಸಿದರು. ಬಿಸಿಲು ಬುಡ ಮುಟ್ಟಿತು. ಒಂದು ಕಾಗೆ ಬಂತು, ಕೂತಿತು, ಕಾ ಅಂತು. ಆಮೇಲೆ ಇನ್ನೊಂದು. ಆಮೇಲೆ ಆಕಾಶವೇ ಬಂತು. ಆ ಶುಭ್ರವಾದ ಅಂಗಳ ಪೂರ್ತಿ ಹಿಕ್ಕೆಯಿಂದ ಬೆಳ್ಳಗಾಯಿತು, ಸೇನಾಪತಿಗಳ ಟೊಪ್ಪಿಯೂ ಬಿಡಲಿಲ್ಲ.

ನಿನಗೇನು ಬೇಕು ಕೇಳು ಅಂದ ಖಾನ. ಇಲ್ಹವ್ವ, ಮೂವರು ಮಕ್ಕಳು ಬೇಕು, ಆ ಕೊಕ್ಕೆ ಬೇಕು ಅಂದಳು. ಕೊಕ್ಕೆ ಯಾಕೆ? ಕಬ್ಬಿಣ ಗಟ್ಟಿ ಇದೆ, ನಮ್ಮ ಮನೆಯಲ್ಲಿ ಕೆಲಸ ಇದೆ ಅಂದಳು. ಜಡೆ ಬಿಚ್ಚಿ ಖಾನನ ಕೈಗೆ ಕೊಟ್ಟು, ಕೊಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳನ್ನ ಮುಂದೆ ಬಿಟ್ಟುಕೊಂಡು ಹೊರಟಳಂತೆ.

ನೂರು ದಿನ ಎಲ್ಲರ ಕೂದಲೂ ಅದರದರ ಪಾಡಿಗೆ ಬೆಳೆಯಿತು. ಮಂಗೋಲರು ಕಿವಿಯ ಪಕ್ಕ ಹೆಣೆದುಕೊಂಡರು, ರೈತರು ತುರುಬು ಕಟ್ಟಿಕೊಂಡರು. ಖಾನ ದಿನಾ ಕೋಟೆಯ ಮೇಲೆ ನಿಂತು ನೋಡಿದ, ಈಗ ದಂಗೆ ಏಳುತ್ತಾರೆ, ಈಗ ಏಳುತ್ತಾರೆ ಅಂತ. ಕುದುರೆ ಮೇಯುತ್ತಿದ್ದವು, ನವಣೆ ಏಳುತ್ತಿತ್ತು, ಜನ ಏಳಲಿಲ್ಲ. ಆಮೇಲೆ ಕೋಟೆಯ ಬಾಗಿಲ ಮೇಲೆ ಮೂರು ಜನರ ಮೂರು ಲಿಪಿಯಲ್ಲೂ ಒಂದೇ ಮಾತು ಬರೆಸಿದನಂತೆ, ಒಳಗೆ ಬನ್ನಿ ಅಂತ. ಆ ಮಾತಿನ ಧೈರ್ಯದ ಮೇಲೆ ಜನ ಅವನಿಗೆ ಒಂದೊಂದಾಗಿ ಸತ್ಯ ಹೇಳೋಕೆ ಕಲಿತರಂತೆ, ಮೊದಲು ಪಿಸುಮಾತಲ್ಲಿ.

ನೂರು ದಿನ ಆದಮೇಲೆ ಬೋಳಿಸಲಿಲ್ವಾ ಅಂತೀಯ? ಬೋಳಿಸಿದರು ಕಣೇ, ಮತ್ತೆ ಡಂಗೂರ ಬಂತು. ದೊರೆ ದೊರೆಯೇ, ಒಂದು ದಿನದಲ್ಲಿ ಅಜ್ಜಿ ಆಗಿಬಿಡ್ತಾನಾ? ಆದರೆ ಕ್ಷೌರದವನ ಕೋಲಲ್ಲಿ ಕೊಕ್ಕೆ ಇರಲಿಲ್ಲ. ತಟ್ಟೆಯಲ್ಲಿ ಬಿಸಿನೀರಿತ್ತು. ಬೇಡ ಅಂದವನ ಜಗುಲಿ ಮೇಲೆ ಕೂತು ಅರ್ಧ ದಿನ ಗೊಣಗಿ ಎದ್ದುಹೋಗುತ್ತಿದ್ದನಂತೆ.

ಆಮೇಲೆ ಗೂಜಿಗೆ ಮದುವೆಯಾಗಿ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಖಾನ ಒಬ್ಬನೇ ಇಲ್ಹವ್ವನ ಮನೆಗೆ ಬಂದ. ತೊಲೆಗೆ ಆ ಕೊಕ್ಕೆ ಹೊಡೆದಿತ್ತು, ಕೊಕ್ಕೆಗೆ ತೊಟ್ಟಿಲು ತೂಗುಬಿದ್ದಿತ್ತು, ತೊಟ್ಟಿಲಲ್ಲಿ ಗೂಜಿಯ ಮಗಳು ಕೈಕಾಲು ಆಡಿಸುತ್ತಿದ್ದಳು. ಖಾನ ಮೆಲ್ಲಗೆ, ಈಗಲಾದರೂ ಹೇಳು, ಆ ಮೂವರಲ್ಲಿ ಹೊಲದವನು ಯಾರು ಅಂದ. ಇಲ್ಹವ್ವ ಮಡಕೆಯಿಂದ ಒಂದು ಬಟ್ಟಲು ಬಡಿಸಿದಳು, ಗಂಜಿ, ಕಾಳಿಜ, ಹುಳಿ ಹಾಲು ಎಲ್ಲ ಕಲಸಿದ್ದು. ಹುಲಿಖಾನ ಮುಖ ಹಿಂಡಿಕೊಂಡು ಒಂದು ತುತ್ತು ತಿಂದ. ಎರಡನೆಯದನ್ನ ಸುಮ್ಮನೆ ತಿಂದ. ಆಮೇಲೆ ಬಟ್ಟಲು ನೆಕ್ಕಿದನಂತೆ. ಇಲ್ಹವ್ವ, ಈಗ ನಿನ್ನ ಹೊಟ್ಟೆಯಲ್ಲಿ ಗಂಜಿ ಯಾವುದು ಹಾಲು ಯಾವುದು ಬಿಡಿಸಿ ಹೇಳು, ಆಮೇಲೆ ನಾನು ಹೇಳುತ್ತೀನಿ ಅಂದಳು.

ಅವನು ನಕ್ಕ. ಈ ಸಲ ಯಾವ ಬಟ್ಟಲೂ ನಡುಗಲಿಲ್ಲ. ತೊಟ್ಟಿಲು ಒಂದು ಸಲ ತೂಗಿದ, ಕೊಕ್ಕೆ ಟಿಂಗ್ ಟಿಂಗ್ ಅಂತು, ಆ ಸದ್ದಿಗೆ ಕೂಸು ಕಣ್ಣು ಮುಚ್ಚಿತು. ನೀನೂ ಮುಚ್ಚು. ತೊಟ್ಟಿಲು ಅಲ್ಲೇ ತೂಗುತ್ತಿರಲಿ, ಕತೆ ಇಲ್ಲಿಗೆ ನಿಂತಿತು.